ಕಹಿ ಶೇಂಗಾ

“ಇವರ ಹತ್ರ ಏನೂ ಇಲ್ಲ, ಆದ್ರೂ ಎಷ್ಟು ನಗ್ತಾ ಅವ್ರೆ ನೋಡ್ರಿ!” ಎನ್ನುತ್ತ ಕಾವ್ಯಶ್ರೀ, ಶೇಂಗಾ ಮಾರುತ್ತಿದ್ದ ಮುದುಕಿಯ ಹಲ್ಲು ಕಿರಿದ ಮುಖದತ್ತ ಫೋನು ತಿರುಗಿಸಿದಳು. ಬೆನ್ನಿಗೆ ಚೀಲ ಹಾಕಿಕೊಂಡು ಇಪ್ಪತ್ತು ದಿನ ಲಾವೋಸ್ ಸುತ್ತಿದ್ದಾಗಿತ್ತು. ಬಸ್ಸು ಹೊರಡುವ ಮೊದಲು ಆ ದೇಶಕ್ಕೂ ಜನಕ್ಕೂ ಒಂದು ವಿದಾಯದ ವಿಡಿಯೊ. ಮರುಗಳಿಗೆಯೇ ಮುದುಕಿ ‘ಥೂ’ ಎಂದು ಉಗಿದಳು. ಬೂಷ್ಟು ಹಿಡಿದ ಶೇಂಗಾದ ಕಪ್ಪು ಮುದ್ದೆ ಎಂಜಲಿನ ಸಮೇತ ಕಾವ್ಯಶ್ರೀಯ ಚಪ್ಪಲಿಯ ಪಕ್ಕದಲ್ಲೇ ಬಿತ್ತು. ನಗುವೆಲ್ಲಿ ಬಂತು, ಮುದುಕಿ ಕಹಿಗೆ ಮುಖ ಕಿವುಚಿದ್ದಳು ಅಷ್ಟೇ.

ಕಾವ್ಯಶ್ರೀ ಫೋನು ಕೆಳಗಿಳಿಸಿದಳು. ಹೋದ ವರ್ಷ ಧರ್ಮಪುರದ ಹೊಲದಲ್ಲಿ ಶೇಂಗಾ ಬಿಡಿಸುತ್ತಿದ್ದ ಅವಳಜ್ಜಿ ಕಾಳಕ್ಕನನ್ನೂ ಒಬ್ಬ ಬಿಳಿ ಪ್ರವಾಸಿ ಹೀಗೇ ವಿಡಿಯೊ ಮಾಡಿಕೊಂಡು ಹೋಗಿ, ‘ಏನಿಲ್ಲದಿದ್ದರೂ ಎಂಥ ನಗು’ ಎಂದು ಬರೆದು ಲೋಕಕ್ಕೆಲ್ಲ ತೋರಿಸಿದ್ದ. “ಕಹಿ ಬೀಜ ಸಿಕ್ಕಿ ಬಾಯಿ ಸೊಟ್ಟ ಮಾಡಿದ್ರೆ ನಗ್ತಾ ಅವ್ಳೆ ಅಂತ ಹಾಕವ್ನಲ್ಲೇ ಮುಂಡೇಮಗ! ಆಮೇಲೆ ನಾನು ಉಗುದ್ನಲ್ಲ, ಅದು ಕಾಣ್ಲಿಲ್ವ ಅವನ ಕಣ್ಣಿಗೆ?” ಎಂದು ಅಜ್ಜಿ ಬೈದಿದ್ದಳು. “ಪಾಪ, ಅವನಿಗೆ ಗೊತ್ತಾಗಿಲ್ಲ ಬಿಡಜ್ಜಿ” ಎಂದು ಸಮಾಧಾನ ಹೇಳಿದವಳು ಕಾವ್ಯಶ್ರೀಯೇ.

ಜೊತೆಗೆ ಬಂದಿದ್ದ ಹಿರಿಯೂರಿನ ಗೆಳತಿ ಶಾಹಿಸ್ತಾ ಫೋನಿನೊಳಗೆ ಇಣುಕಿದಳು. “ಸಖತ್ತಾಗ್ ಬಂದೈತೆ ಕಣೇ. ಉಗಿಯೋದೊಂದು ಕಟ್ ಮಾಡಾಣ ಬಿಡು, ನಗು ಹಂಗೇ ಉಳಿತೈತೆ.”

ಕಾವ್ಯಶ್ರೀಯ ಬಾಯೆಲ್ಲ ಕಹಿಯಾಯಿತು. ಹಾಗಾದರೆ ಅಜ್ಜಿ ಉಗಿದದ್ದು ಆ ಪ್ರವಾಸಿಗೂ ಕಂಡಿತ್ತು.