ಹತ್ತುವುದಿಲ್ಲ ಎಂದವನು

"ಸೇಫ್ಟಿ ಬೆಲ್ಟ್ ರಿಪೇರಿಗೆ ಹೋಗಿದೆ. ಹಾಗೇ ಹತ್ತಿ ಆ ಬೋರ್ಡ್ ಬಿಚ್ಚು. ಬೇಗ ಆಗ್ಲಿ, ಗಿರಾಕಿ ಕಾಯ್ತಿದ್ದಾರೆ," ಎಂದು ಯಜಮಾನ ಏಣಿಯತ್ತ ಕೈ ತೋರಿಸಿದ. ಕೆಲಸ ಕೇಳಿಕೊಂಡು ಬಂದಿದ್ದ ತರುಣ ಹಿಂದೆಮುಂದೆ ನೋಡದೆ ಏಣಿಗೆ ಕಾಲಿಟ್ಟ. ಎರಡನೆಯ ಮೆಟ್ಟಿಲಿಗೆ ಹೋಗುವಷ್ಟರಲ್ಲಿ ಯಜಮಾನ, "ಸಾಕು, ಇಳಿ. ಆಮೇಲೆ ತಿಳಿಸ್ತೀವಿ," ಎಂದ. ಪಾಪ, ತನ್ನ ಚುರುಕುತನ ಇವರಿಗೆ ಹಿಡಿಸಿತು ಎಂದುಕೊಂಡೇ ಆತ ಹಲ್ಲುಬಿಟ್ಟುಕೊಂಡು ಹೋದ.

ಬೆಲ್ಟ್ ಎಲ್ಲಿಗೂ ಹೋಗಿರಲಿಲ್ಲ. ಆಫೀಸಿನ ಕಿಟಕಿಯ ಪಕ್ಕ ಕೂತಿದ್ದ ಯಜಮಾನನ ತಮ್ಮನ ಹೆಂಡತಿಯ ಮೇಜಿನ ಡ್ರಾಯರಿನಲ್ಲಿತ್ತು. ಈ ಪರೀಕ್ಷೆ ಅವಳದೇ ಯೋಚನೆ. ಅಂಗಡಿಗಳಿಗೆ ಬೋರ್ಡ್ ಮಾಡಿ ಕೂರಿಸುವ ಅವರ ವ್ಯಾಪಾರ ಕೈಮೀರಿ ಬೆಳೆದಿತ್ತು, ಜನ ಸಾಲುತ್ತಿರಲಿಲ್ಲ. ಮೊದಲೆಲ್ಲ ಯಾರು ಬೇಗ ಹತ್ತುತ್ತಾರೋ ಅವರಿಗೆ ಕೆಲಸ. ಕಳೆದ ವರ್ಷ ಅವಳ ಗಂಡ ಬೆಲ್ಟ್ ಇಲ್ಲದೆ ಹತ್ತಿ, ಬಿದ್ದು ಸತ್ತ ಮೇಲೆ ಅವಳು ಒಂದೇ ಪಟ್ಟು ಹಿಡಿದಳು: "ಭಾವ, ಹತ್ತೋರು ಸಾಕು. ಹತ್ತಲ್ಲ ಅನ್ನೋರನ್ನ ಹುಡುಕೋಣ. ಇನ್ನೊಬ್ಬಳ ಮನೆಗೆ ಅಂಥ ಫೋನ್ ಹೋಗೋದು ಬೇಡ."

ಭಾವ ಮರುಮಾತಿಲ್ಲದೆ ಒಪ್ಪಿದ್ದ. ಒಳ್ಳೆಯವನು, ತಮ್ಮನ ಸಂಸಾರವನ್ನು ತನ್ನದೇ ಎಂಬಂತೆ ನೋಡಿಕೊಂಡವನು. ಆ ದಿನದ ಮಾತು ಬಂದಾಗಲೆಲ್ಲ ಕಣ್ಣೊರೆಸಿಕೊಂಡು, "ನಾನು ಬೇಡ ಅಂದೆಮ್ಮಾ, ಅವನು ಕೇಳಲಿಲ್ಲ. ಹಟಮಾರಿ," ಎನ್ನುತ್ತಿದ್ದ. ಅವಳು ನಂಬಿದ್ದಳು. ನಂಬಿ, ಸತ್ತ ಗಂಡನ ಮೇಲೆ ಒಂದು ವರ್ಷ ಸಿಟ್ಟು ಇಟ್ಟುಕೊಂಡಿದ್ದಳು. ಅಂಥ ಸಿಟ್ಟು ಸುಲಭವಲ್ಲ. ಜಗಳವಾಡೋಣವೆಂದರೆ ಎದುರಿಗೆ ಆಳಿರುವುದಿಲ್ಲ. ಗಂಡ ಅವಳಿಗೆ ಆಡಿದ ಕೊನೆಯ ಮಾತೂ ಸಿಟ್ಟು ಬರಿಸುವಂತೆಯೇ ಇತ್ತು. ಆ ಬೆಳಿಗ್ಗೆ ಹೊರಗೆ ನಿಂತು ಯಾರೊಡನೆಯೋ ಫೋನಿನಲ್ಲಿ ಮಾತಾಡಿ, ಮುಖ ಸಪ್ಪೆ ಮಾಡಿಕೊಂಡು ಒಳಗೆ ಬಂದಿದ್ದ. "ಬೆಲ್ಟ್ ಹರಿದಿದೆ ಅಂತೀರಿ, ಇವತ್ತು ಹೋಗ್ಬೇಡಿ," ಎಂದಿದ್ದಕ್ಕೆ, "ಹೆಂಡತಿ ಸೆರಗು ಹಿಡ್ಕೊಂಡು ಕೂತ್ರೆ ಬೋರ್ಡ್ ತಾನಾಗೇ ಮೇಲೆ ಹೋಗುತ್ತಾ?" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟಿದ್ದ. ಎಂದೂ ಹಾಗೆ ಮಾತಾಡಿದವನಲ್ಲ.

ಬೆಳಿಗ್ಗೆಯಿಂದ ಬಂದವರೆಲ್ಲ ಏಣಿಗೆ ಕಾಲಿಟ್ಟವರೇ. ಮಧ್ಯಾಹ್ನದ ಹೊತ್ತಿಗೆ ಕೂದಲು ನರೆತ ಒಬ್ಬ ಬಂದ. ಏಣಿಯನ್ನು ಬುಡದಿಂದ ತುದಿಯವರೆಗೆ ನೋಡಿ, ಒಮ್ಮೆ ಅಲುಗಿಸಿ, ಕೈ ತೆಗೆದ.

"ಬೆಲ್ಟ್ ಬರ್ಲಿ ಸಾರ್. ಆಮೇಲೆ ಹತ್ತೀನಿ."

ಕಿಟಕಿಯಲ್ಲಿ ಅವಳು ನೆಟ್ಟಗೆ ಕೂತಳು. ಬಹಳ ದಿನಗಳ ಮೇಲೆ ಅವಳ ಮನಸ್ಸು ಹಗುರಾಯಿತು. ಅಷ್ಟರಲ್ಲಿ ಯಜಮಾನನ ಫೋನ್ ಹೊಡೆದುಕೊಂಡಿತು. ಈ ಸಲ ನಿಜವಾದ ಗಿರಾಕಿ. ಸಂಜೆ ಅಂಗಡಿ ತೆರೆಯಬೇಕು, ಬೋರ್ಡ್ ಇನ್ನೂ ಏರಿಲ್ಲವೆಂದು ಅತ್ತಲಿನವನು ಬಾಯಿಗೆ ಬಂದಂತೆ ಬೈಯುತ್ತಿದ್ದುದು ಕಿಟಕಿಯವರೆಗೂ ಕೇಳಿಸಿತು. "ಆಗುತ್ತೆ ಸಾರ್, ಈಗಲೇ ಕಳಿಸ್ತೀನಿ," ಎಂದು ಫೋನ್ ಇಟ್ಟ ಯಜಮಾನ ಕೆಂಡವಾಗಿ ತಿರುಗಿದ.

"ಇನ್ನೂ ನಿಂತಿದ್ದೀಯಾ? ಹತ್ತಯ್ಯಾ!"

"ಹತ್ತಲ್ಲ ಸಾರ್."

"ಕೆಲಸ ಬೇಕೋ ಬೇಡ್ವೋ?"

"ಬೇಕು ಸಾರ್. ತುಂಬಾನೇ ಬೇಕು. ಆದ್ರೂ ಹತ್ತಲ್ಲ."

ಪರೀಕ್ಷೆಗೆಂದು ಕೆಣಕುತ್ತಿದ್ದಾನೆ ಎಂದುಕೊಂಡಳು ಅವಳು. ಆದರೆ ಯಜಮಾನನ ಕುತ್ತಿಗೆಯ ನರ ಉಬ್ಬಿತ್ತು. ಅವನಿಗೆ ಪರೀಕ್ಷೆ ಮರೆತೇ ಹೋಗಿತ್ತು.

"ಹೋಗು ಹಾಗಾದ್ರೆ! ಹೆಂಡತಿ ಸೆರಗು ಹಿಡ್ಕೊಂಡು ಮನೇಲಿ ಕೂತ್ಕೋ. ಬೋರ್ಡ್ ತಾನಾಗೇ ಮೇಲೆ ಹೋಗುತ್ತೆ!"

ಹೇಳಿ ಮುಗಿಸಿದ ಮೇಲೆ ಅವನು ನಾಲಿಗೆ ಕಚ್ಚಿಕೊಂಡು ಕಿಟಕಿಯತ್ತ ನೋಡಿದ. ಕುರ್ಚಿ ಖಾಲಿಯಾಗಿತ್ತು.

ಅವಳು ಬೆಲ್ಟ್ ಹಿಡಿದುಕೊಂಡು ಅಂಗಳಕ್ಕೆ ಬಂದಿದ್ದಳು. ಗೇಟಿನ ಕಡೆ ಹೊರಟಿದ್ದವನನ್ನು, "ನಿಲ್ಲಿ ಅಣ್ಣಾ. ಕೆಲಸ ನಿಮ್ಮದೇ," ಎಂದು ತಡೆದಳು. ಆತ ಯಾರ ಮಾತು ನಂಬಬೇಕೋ ತಿಳಿಯದೆ ಇಬ್ಬರ ಮುಖವನ್ನೂ ನೋಡಿದ.

"ಅದು... ಪರೀಕ್ಷೆಗೆ ಅಂತ ಹಾಗಂದೆಮ್ಮಾ," ಎಂದ ಯಜಮಾನ.

"ಆ ಬೆಳಿಗ್ಗೆ ಫೋನಲ್ಲಿ ಅವರೂ ಹತ್ತಲ್ಲ ಅಂದಿದ್ರು. ಅಲ್ವಾ ಭಾವ?"

ಅವಳ ದನಿ ಏರಲಿಲ್ಲ. ಯಜಮಾನ ಏಣಿಯನ್ನು ಹಿಡಿದುಕೊಂಡ. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒಂದು ವರ್ಷ ಸುಮ್ಮಸುಮ್ಮನೆ ಬೈಸಿಕೊಂಡ ಗಂಡನಿಗಾಗಿ ಅವಳು ಅತ್ತದ್ದು ಅದೇ ಮೊದಲು.

ಯಜಮಾನನ ಕೈಯಲ್ಲಿ ಫೋನ್ ಮತ್ತೆ ಹೊಡೆದುಕೊಳ್ಳತೊಡಗಿತು. ಅದೇ ಗಿರಾಕಿ. ಅವನು ಅದನ್ನೂ ನೋಡಿದ, ಅವಳನ್ನೂ ನೋಡಿದ.

"ಫೋನ್ ತಗೊಳ್ಳಿ ಭಾವ," ಎಂದಳು ಅವಳು. "ಇವತ್ತು ಆಗಲ್ಲ ಅಂತ ಹೇಳಿ."