ಭಾನುವಾರದ ಸೋರಿಕೆ

ಗೆಳೆಯರೊಡನೆ ಸವಾರಿ ಹೊರಡೋಣವೆಂದು ಪ್ರಹ್ಲಾದ ಬೆಳಿಗ್ಗೆ ಅಂಗಳಕ್ಕಿಳಿದರೆ ಬೈಕಿನ ಗೇರ್ ಬಾಕ್ಸ್ ಕೆಳಗೆ ಮತ್ತೆ ಆಯಿಲ್ ಚೆಲ್ಲಿತ್ತು. ಹೋದ ಭಾನುವಾರ ವಾಷರ್ ಬದಲಿಸಿದ್ದ, ಅದರ ಹಿಂದಿನ ಭಾನುವಾರ ಸೀಲ್. ನಡುದಾರಿಯಲ್ಲಿ ಕೈಕೊಟ್ಟರೆ ಗತಿಯೇನೆಂದು ಗೆಳೆಯರಿಗೆ ಬರುವುದಿಲ್ಲವೆಂದು ಹೇಳಿ, ಇವತ್ತೂ ಬೈಕ್ ಬಿಚ್ಚಿಕೊಂಡು ಕೂತ.

ಹೆಂಡತಿ ಇಂದುಮತಿ ಒಗ್ಗರಣೆ ಮಂಡಕ್ಕಿ ತಂದು ಪಕ್ಕದಲ್ಲೇ ಕೂತಳು. ಸ್ಪ್ಯಾನರ್ ಕೇಳಿದರೆ ಸ್ಪ್ಯಾನರ್, ಬಟ್ಟೆ ಕೇಳಿದರೆ ಬಟ್ಟೆ ಕೊಟ್ಟಳು. ಈ ಸೋರಿಕೆ ಶುರುವಾಗುವ ಮೊದಲು ಅವನು ಒಂದು ಭಾನುವಾರವೂ ಮನೆಯಲ್ಲಿ ನಿಂತವನಲ್ಲ. ಮಧ್ಯಾಹ್ನದವರೆಗೂ ಇಬ್ಬರೂ ಹರಟಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೊನೆಗೆ ಆಯಿಲ್ ಮಟ್ಟ ನೋಡಿದ ಪ್ರಹ್ಲಾದ ಬೆರಗಾದ.

"ಇಂದೂ, ಒಳಗಿನ ಆಯಿಲ್ ಒಂದು ಹನಿಯೂ ಕಮ್ಮಿಯಾಗಿಲ್ಲ ಕಣೇ! ಹಾಗಾದ್ರೆ ನೆಲದ ಮೇಲಿರೋದು ಎಲ್ಲಿಂದ ಬಂತು?"

ಇಂದುಮತಿ ಸೆರಗಿನಿಂದ ಕೈ ಒರೆಸಿಕೊಂಡಳು.

"ಬದಲಿಸಿದ ಹಳೇ ಆಯಿಲ್ ಡಬ್ಬದಲ್ಲಿ ತುಂಬಿಟ್ಟಿದ್ದೆ. ಆ ಡಬ್ಬ ಎಲ್ಲಿ?"

"ಅದು ಇವತ್ತಿಗೆ ಖಾಲಿಯಾಯ್ತು ರೀ," ಎಂದಳು ಇಂದುಮತಿ, ತಲೆ ತಗ್ಗಿಸಿ. "ಮುಂದಿನ ಭಾನುವಾರಕ್ಕೆ ಇನ್ನೊಂಚೂರು ತೆಗೆದುಕೊಡ್ತೀರಾ?"