ಹುಳದ ಮನೆಯ ತಂಪು

"ನನ್ನನ್ನ ಹುಳದ ಮನೆಗೆ ಕರ್ಕೊಂಡೋಗಬೇಡ ಕಣೇ. ಜ್ವರದ ಮೈ ಸೋಕಿದ್ರೆ ಹುಳ ಕೆಟ್ಟೋಗ್ತವೆ," ಎಂದು ಬೈರಮ್ಮ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು. ತಗಡಿನ ಸೂರಿನ ಕೆಳಗೆ ಬಿಸಿಲಿನ ಝಳಕ್ಕೆ ಅವಳ ಮೈ ಕಾದ ಹೆಂಚಾಗಿತ್ತು. ಆಂಬುಲೆನ್ಸ್ ಇನ್ನೂ ಕೋಲಾರ ಬಿಟ್ಟಿರಲಿಲ್ಲ.

ಅಂಗಳದಾಚೆಯ ಹುಳದ ಮನೆಯಲ್ಲಿ, ರೇಷ್ಮೆಹುಳಗಳಿಗೆಂದು ತಂದ ಹೊಸ ಯಂತ್ರ ತಾನೇ ಸೆಕೆ ಅಳೆದು, ತಾನೇ ಮಂಜು ಚಿಮ್ಮಿಸುತ್ತಿತ್ತು. ಊರಲ್ಲಿ ತಂಪಿದ್ದದ್ದು ಅಲ್ಲೊಂದೇ ಕಡೆ.

"ಹುಳ ಹಾಳಾಗ್ಲಿ, ನಿನಗಿಂತ ಹೆಚ್ಚಾ ಅವು? ಬಾ ಅತ್ತೆ," ಎಂದು ಸೊಸೆ ಸುನಂದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.

ಕೊನೆಯ ಬೆರಳು ತಾನಾಗಿಯೇ ಸಡಿಲವಾಯಿತು. ಅತ್ತೆ ಅಂತೂ ಒಪ್ಪಿದಳೆಂದುಕೊಂಡು ಸುನಂದ ಅವಳನ್ನು ಎತ್ತಿಕೊಂಡು ಅಂಗಳಕ್ಕಿಳಿದಳು. ಆ ಸಡಿಲಿಕೆ ಒಪ್ಪಿಗೆಯದಲ್ಲವೆಂದು ಸುನಂದಳ ತೋಳುಗಳಿಗೆ ತಿಳಿದದ್ದು ಅರ್ಧ ದಾರಿಯಲ್ಲಿ, ಅತ್ತೆಯ ಎದೆಯ ಏರಿಳಿತ ನಿಂತಿದ್ದಾಗ.